ಅದೇ ನೂರು, ಅರ್ಧ ದಿನ

ಫೋನ್ ಕೊಂಡ ಹೊಸತರಲ್ಲಿ ಬೆಳಿಗ್ಗೆ ಚಾರ್ಜರ್ ಕಿತ್ತಾಗ ಪರದೆಯ ಮೂಲೆಯಲ್ಲಿ 100 ಎಂದಿರುತ್ತದೆ. ರಾತ್ರಿ ಮಲಗುವಾಗಲೂ 40 ಉಳಿದಿರುತ್ತದೆ. ಎರಡೂವರೆ ವರ್ಷ ಕಳೆಯಲಿ. ಅದೇ ಫೋನು, ಅದೇ ಚಾರ್ಜರು, ಬೆಳಿಗ್ಗೆ ಅದೇ 100. ಆದರೆ ಊಟದ ಹೊತ್ತಿಗೆ 30ಕ್ಕೆ ಇಳಿದಿರುತ್ತದೆ. ನಾಲ್ಕು ಗಂಟೆಗೆ ಅಂಗಡಿಯ ಮುಂದೆ ಯುಪಿಐ ಮಾಡಲು ನಿಂತಾಗ ಪರದೆ ಕಪ್ಪಾಗುತ್ತದೆ. ನೂರು ಅಂದರೆ ನೂರೇ ಅಲ್ಲವೇ? ಉಳಿದದ್ದು ಎಲ್ಲಿಗೆ ಹೋಯಿತು?

ಉತ್ತರಗಳಿಗೆ ನಮ್ಮಲ್ಲಿ ಬರವಿಲ್ಲ. ಯಾವುದೇ ಊರಿನ ಮೊಬೈಲ್ ರಿಪೇರಿ ಅಂಗಡಿಯ ಕೌಂಟರಿನ ಮುಂದೆ ಹತ್ತು ನಿಮಿಷ ನಿಂತರೆ ಎಲ್ಲವೂ ಕಿವಿಗೆ ಬೀಳುತ್ತವೆ. ‘ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಮಲಗ್ತೀರಲ್ಲ ಸಾರ್, ಅದಕ್ಕೇ ಹೋಗಿದ್ದು.’ ‘ಪೂರ್ತಿ ಖಾಲಿ ಆದಮೇಲೇ ಹಾಕ್ಬೇಕಮ್ಮ, ಮಧ್ಯೆ ಮಧ್ಯೆ ಹಾಕಿದ್ರೆ ಕೆಡುತ್ತೆ.’ ‘ಫಾಸ್ಟ್ ಚಾರ್ಜಿಂಗ್ ಸಹವಾಸ ಬೇಡ.’ ಪಕ್ಕದಲ್ಲಿ ನಿಂತ ಇನ್ನೊಬ್ಬರು ತೀರ್ಪು ಕೊಡುತ್ತಾರೆ: ‘ಎಲ್ಲಾ ಕಂಪನಿಯವರ ಆಟ. ಎರಡು ವರ್ಷಕ್ಕೆ ಹೋಗೋ ಥರಾನೇ ಮಾಡಿರ್ತಾರೆ.’

ಇವುಗಳಲ್ಲಿ ಒಂದು ಮಾತು ಈ ಕಾಲದ್ದಲ್ಲ. ಮಿಕ್ಕವು ಸ್ವಲ್ಪ ಸ್ವಲ್ಪ ಸರಿ. ಎಷ್ಟು ಸರಿ ಎಂದು ಅಳೆಯಬೇಕಾದರೆ ಬ್ಯಾಟರಿಯ ಒಳಗೆ ಕೂದಲೆಳೆಗಿಂತ ಎಷ್ಟೋ ತೆಳ್ಳಗಿರುವ ಒಂದು ಪೊರೆಯ ಪರಿಚಯವಾಗಬೇಕು.

ನೂರು ಎಂದರೆ ಎಷ್ಟು?

ಪರದೆಯ ಮೇಲಿನ ಅಂಕಿ ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಇದೆ ಎಂದು ಹೇಳುವುದಿಲ್ಲ. ಬ್ಯಾಟರಿ ಇವತ್ತಿನ ಸ್ಥಿತಿಯಲ್ಲಿ ಎಷ್ಟು ಹಿಡಿಯಬಲ್ಲದೋ ಅದರಲ್ಲಿ ಎಷ್ಟು ಪಾಲು ತುಂಬಿದೆ ಎಂದಷ್ಟೇ ಹೇಳುತ್ತದೆ. ಹೊಸದಿದ್ದಾಗ 5000 ಎಂಎಎಚ್ ಹಿಡಿಯುತ್ತಿದ್ದದ್ದು ಈಗ 4000 ಮಾತ್ರ ಹಿಡಿಯುತ್ತಿದ್ದರೆ, ಆ 4000 ತುಂಬಿದಾಗಲೂ ಫೋನು 100 ಎಂದೇ ಬರೆಯುತ್ತದೆ. ನಿಜವಾದ ನಷ್ಟದ ಲೆಕ್ಕ ಬೇಕಿದ್ದರೆ ಸೆಟ್ಟಿಂಗ್ಸ್‌ನ ಒಳಗೆ ‘ಬ್ಯಾಟರಿ ಹೆಲ್ತ್’ ಎಂಬಲ್ಲಿ ಹುಡುಕಬೇಕು, ಅದೂ ನಿಮ್ಮ ಫೋನಿನಲ್ಲಿ ಆ ಸೌಲಭ್ಯ ಇದ್ದರೆ.

5000 ಎಂಎಎಚ್ ಬ್ಯಾಟರಿಯಲ್ಲಿ ತುಂಬಿರುವ ಶಕ್ತಿ ಸುಮಾರು 19 ವಾಟ್-ಗಂಟೆ. ಕರೆಂಟ್ ಬಿಲ್ಲಿನ ಒಂದೇ ಒಂದು ಯೂನಿಟ್‌ನಲ್ಲಿ ಇಂಥ ಐವತ್ತು ಬ್ಯಾಟರಿ ತುಂಬಬಹುದು. ವರ್ಷವಿಡೀ ದಿನಕ್ಕೊಮ್ಮೆ ಪೂರ್ತಿ ತುಂಬಿಸಿ, ಚಾರ್ಜರಿನಲ್ಲಿ ಪೋಲಾಗುವುದನ್ನೂ ಸೇರಿಸಿದರೂ ಹತ್ತು ಯೂನಿಟ್ ದಾಟುವುದು ಕಷ್ಟ. ‘ಫೋನ್ ಚಾರ್ಜ್ ಮಾಡಿ ಮಾಡಿ ಬಿಲ್ ಜಾಸ್ತಿ ಬಂತು’ ಎಂದು ಮಕ್ಕಳನ್ನು ಬೈಯುವ ಹಿರಿಯರು ಗೀಸರಿನ ಕಡೆ ನೋಡುವುದು ಒಳ್ಳೆಯದು.

1.3 ಗ್ರಾಂ ಲಿಥಿಯಂನ ಓಡಾಟ

ಬ್ಯಾಟರಿಯಲ್ಲಿ ಎರಡು ಬದಿಗಳಿವೆ. ಒಂದು ಬದಿಯಲ್ಲಿ ಕೋಬಾಲ್ಟ್ ಇರುವ ಆಕ್ಸೈಡ್, ಇನ್ನೊಂದು ಬದಿಯಲ್ಲಿ ಗ್ರಾಫೈಟ್, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ವಸ್ತು. ನಡುವೆ ಒಂದು ಸಾವಯವ ದ್ರವ. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು ಕೋಬಾಲ್ಟ್ ಬದಿಯಿಂದ ಹೊರಟು, ದ್ರವವನ್ನು ದಾಟಿ, ಗ್ರಾಫೈಟಿನ ಪದರಗಳ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಆರು ಇಂಗಾಲದ ಪರಮಾಣುಗಳಿಗೆ ಒಂದು ಲಿಥಿಯಂ. ಅದಕ್ಕಿಂತ ಹೆಚ್ಚಿಗೆ ಜಾಗವಿಲ್ಲ. ಫೋನ್ ಬಳಸುವಾಗ ಅವೇ ಅಯಾನುಗಳು ಮರಳಿ ಕೋಬಾಲ್ಟ್ ಬದಿಗೆ ಬರುತ್ತವೆ, ಆ ಹೊತ್ತಿನಲ್ಲಿ ಹೊರಗಿನ ತಂತಿಯಲ್ಲಿ ಹರಿಯುವ ಎಲೆಕ್ಟ್ರಾನುಗಳೇ ನಿಮ್ಮ ರೀಲ್ಸ್ ಓಡಿಸುವ ಕರೆಂಟು.

ಇದರ ಹಿಂದಿನ ಕತೆ ಚಿಕ್ಕದಾಗಿ: 1970ರ ದಶಕದಲ್ಲಿ ತೈಲ ಕಂಪನಿ ಎಕ್ಸಾನ್‌ನಲ್ಲಿದ್ದ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಹೀಗೆ ಪದರಗಳ ಸಂದಿಗೆ ನುಗ್ಗಿ ಹೊರಬರಬಲ್ಲದು ಎಂಬುದನ್ನು ಬ್ಯಾಟರಿಗೆ ಬಳಸಿಕೊಂಡರು. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಬದಿಯನ್ನು ಕೊಟ್ಟರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಇನ್ನೊಂದು ಬದಿಗೆ ಇಂಗಾಲವನ್ನು ಕೂಡಿಸಿ ಸುರಕ್ಷಿತ ಬ್ಯಾಟರಿ ಮಾಡಿದರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಸಿಕ್ಕಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ.

ನಮ್ಮ ಕತೆಗೆ ಬೇಕಾದ ಅಂಕಿ ಬೇರೆಯದು. 5000 ಎಂಎಎಚ್ ಬ್ಯಾಟರಿಯಲ್ಲಿ ಹೀಗೆ ಆಚೆಯಿಂದ ಈಚೆಗೆ ಓಡಾಡುವ ಲಿಥಿಯಂ ಎಷ್ಟು ಗೊತ್ತೇ? ಸುಮಾರು 1.3 ಗ್ರಾಂ. ಅಷ್ಟೇ. ಕಾರ್ಖಾನೆಯಲ್ಲಿ ಬ್ಯಾಟರಿಯನ್ನು ಮುಚ್ಚಿದ ಮೇಲೆ ಒಳಗೆ ಒಂದು ಕಣವೂ ಹೊಸದಾಗಿ ಸೇರುವುದಿಲ್ಲ. ಚಾರ್ಜರ್ ಕೊಡುವುದು ಕರೆಂಟನ್ನು, ಲಿಥಿಯಂ ಅನ್ನಲ್ಲ. ಈ 1.3 ಗ್ರಾಂನಲ್ಲಿ ಕಾಲು ಗ್ರಾಂ ಓಡಾಟ ನಿಲ್ಲಿಸಿತೆಂದರೆ ಬ್ಯಾಟರಿಯ ಐದನೇ ಒಂದು ಪಾಲು ಹೋಯಿತು.

ಮುಚ್ಚಿದ ಪೊಟ್ಟಣದೊಳಗೇ ಇದ್ದ ಲಿಥಿಯಂ ಓಡಾಟ ನಿಲ್ಲಿಸುವುದೇಕೆ?

ಕಾವಲಿ ಪಳಗಿಸುವುದು

ಹೊಸ ಕಬ್ಬಿಣದ ದೋಸೆ ಕಾವಲಿ ತಂದವರಿಗೆ ಗೊತ್ತು, ಅದರ ಮೇಲೆ ನೇರವಾಗಿ ಹಿಟ್ಟು ಹೊಯ್ದರೆ ದೋಸೆ ಏಳುವುದಿಲ್ಲ, ಕಚ್ಚಿಕೊಂಡು ಹರಿದು ಹೋಗುತ್ತದೆ. ಮೊದಲು ಪಳಗಿಸಬೇಕು. ತೊಳೆದು, ಎಣ್ಣೆ ಸವರಿ, ಹೊಗೆ ಬರುವಷ್ಟು ಕಾಯಿಸಿ, ಆರಿಸಿ, ಮತ್ತೆ ಎಣ್ಣೆ. ಹೀಗೆ ನಾಲ್ಕಾರು ಸಲ ಮಾಡಿದ ಮೇಲೆ ಎಣ್ಣೆ ಕಬ್ಬಿಣದ ಮೇಲೆ ಸುಟ್ಟು ಗಟ್ಟಿಯಾಗಿ ಕಪ್ಪು ಹೊಳಪಿನ ಪೊರೆಯಾಗುತ್ತದೆ. ಆಮೇಲೆ ಹಿಟ್ಟಿಗೂ ಕಬ್ಬಿಣಕ್ಕೂ ನೇರ ಸಂಪರ್ಕವೇ ಇಲ್ಲ. ದೋಸೆ ಸಲೀಸಾಗಿ ಏಳುತ್ತದೆ. ಆದರೆ ಪೊರೆಯಾದ ಎಣ್ಣೆ ಪೊರೆಯಾಯಿತು, ಅದು ಯಾರ ತಟ್ಟೆಗೂ ಬರುವುದಿಲ್ಲ.

ಬ್ಯಾಟರಿಯ ಗ್ರಾಫೈಟ್ ಬದಿಯಲ್ಲಿ ನಡೆಯುವುದೂ ಇದೇ. ಲಿಥಿಯಂ ತುಂಬಿಕೊಂಡ ಗ್ರಾಫೈಟ್ ಬಹಳ ಉಗ್ರ ಸ್ವಭಾವದ್ದು, ಎಲೆಕ್ಟ್ರಾನುಗಳನ್ನು ಎದುರಿಗೆ ಸಿಕ್ಕಿದ್ದಕ್ಕೆಲ್ಲ ತುರುಕಲು ನೋಡುತ್ತದೆ. ಎದುರಿಗೆ ಸಿಗುವುದು ನಡುವಿನ ದ್ರವ. ದ್ರವ ಈ ಹೊಡೆತಕ್ಕೆ ನಿಲ್ಲಲಾರದೆ ಒಡೆಯುತ್ತದೆ. ಒಡೆದ ಚೂರುಗಳು ಹತ್ತಿರದ ಲಿಥಿಯಂ ಜೊತೆ ಕೂಡಿ ಗಟ್ಟಿ ಲವಣಗಳಾಗಿ ಗ್ರಾಫೈಟಿನ ಮೈಮೇಲೆ ಕುಳಿತುಬಿಡುತ್ತವೆ. ಇದನ್ನು ತಡೆಯದಿದ್ದರೆ ದ್ರವವೆಲ್ಲ ಮುಗಿದು ಬ್ಯಾಟರಿ ಮೊದಲ ವಾರವೇ ಸಾಯಬೇಕಿತ್ತು. ಸಾಯುವುದಿಲ್ಲ, ಏಕೆಂದರೆ ಹಾಗೆ ಕುಳಿತ ಲವಣಗಳ ಪೊರೆಗೆ ಒಂದು ವಿಚಿತ್ರ ಗುಣವಿದೆ. ಅದು ಲಿಥಿಯಂ ಅಯಾನನ್ನು ಒಳಗೆ ಬಿಡುತ್ತದೆ, ಎಲೆಕ್ಟ್ರಾನನ್ನು ಹೊರಗೆ ಬಿಡುವುದಿಲ್ಲ. ಎಲೆಕ್ಟ್ರಾನ್ ದ್ರವಕ್ಕೆ ತಾಗದಿದ್ದರೆ ದ್ರವ ಒಡೆಯುವುದೂ ನಿಂತಿತು.

ಇದನ್ನು ನಾವು ‘ಕಾಪುಪೊರೆ’ ಎಂದು ಕರೆಯೋಣ. ಟೆಲ್ ಅವೀವ್‌ನ ಇಮ್ಯಾನುಯೆಲ್ ಪೆಲೆಡ್ 1979ರಲ್ಲಿ ಇದಕ್ಕೆ ಕೊಟ್ಟ ಹೆಸರು ಸಾಲಿಡ್ ಎಲೆಕ್ಟ್ರೊಲೈಟ್ ಇಂಟರ್‌ಫೇಸ್. ಈ ಕಸುಬಿನವರೆಲ್ಲ ಎಸ್‌ಇಐ ಎಂದೇ ಕರೆಯುತ್ತಾರೆ. ದಪ್ಪ ಕೆಲವು ಹತ್ತು ನ್ಯಾನೊಮೀಟರ್, ತಲೆಕೂದಲ ದಪ್ಪದ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಇದು ಸರಿಯಾಗಿ ಕೂರಲಿ ಎಂದೇ ದ್ರವದಲ್ಲಿ ಎಥಿಲೀನ್ ಕಾರ್ಬೊನೇಟ್ ಎಂಬ ವಸ್ತು ಇರಬೇಕಾಗುತ್ತದೆ. ಅದರ ಹತ್ತಿರದ ಸಂಬಂಧಿ ಪ್ರೊಪಿಲೀನ್ ಕಾರ್ಬೊನೇಟ್ ಹಾಕಿದರೆ ಪೊರೆ ಕೂರುವುದಿಲ್ಲ, ಗ್ರಾಫೈಟ್ ಪದರ ಪದರವಾಗಿ ಕಿತ್ತು ಬರುತ್ತದೆ. ಸೋನಿಯ ಮೊದಲ ಬ್ಯಾಟರಿಗಳಲ್ಲಿ ಗ್ರಾಫೈಟಿನ ಬದಲು ಕೋಕ್ ರೂಪದ ಇಂಗಾಲ ಇದ್ದದ್ದಕ್ಕೆ ಈ ತಲೆನೋವೂ ಒಂದು ಕಾರಣ. ಒಂದು ಇಂಗಾಲ, ಎರಡು ಜಲಜನಕದ ವ್ಯತ್ಯಾಸ ಇಡೀ ಉದ್ಯಮವನ್ನು ಕಾಯಿಸಿತು.

ಕಾವಲಿಯನ್ನು ನಾವು ಮನೆಯಲ್ಲಿ ಪಳಗಿಸುತ್ತೇವೆ. ಬ್ಯಾಟರಿ ಕಾರ್ಖಾನೆಯಲ್ಲೇ ಪಳಗಿ ಬರುತ್ತದೆ. ಮೊದಲ ಚಾರ್ಜನ್ನು ಅತಿ ನಿಧಾನವಾಗಿ ಕೊಟ್ಟು, ಬ್ಯಾಟರಿಗಳನ್ನು ದಿನಗಟ್ಟಲೆ ಹಾಗೇ ಇಟ್ಟು, ಪೊರೆ ಹದವಾಗಿ ಕೂತಿದೆಯೇ ಎಂದು ಪರೀಕ್ಷಿಸುತ್ತಾರೆ. ಈ ಹಂತದಲ್ಲೇ ಲಿಥಿಯಂನ ಶೇ. 5ರಿಂದ 10ರಷ್ಟು ಪೊರೆಗೆ ಹೋಗುತ್ತದೆ. ಅಂದರೆ ಫೋನ್ ನಿಮ್ಮ ಕೈಗೆ ಬರುವ ಮೊದಲೇ ಬ್ಯಾಟರಿ ಸ್ವಲ್ಪ ಕಳೆದುಕೊಂಡಿರುತ್ತದೆ, ಬರೆದಿರುವ 5000 ಆ ನಷ್ಟದ ನಂತರದ ಲೆಕ್ಕ. ಅಂಗಡಿಯವರು ಹೇಳುತ್ತಿದ್ದ ‘ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಿ’ ಎಂಬ ಮಾತಿಗೆ ಈಗ ಏನೂ ಕೆಲಸವಿಲ್ಲ.

ಪಳಗಿದ ಮೇಲೆ ಕತೆ ಮುಗಿಯಬೇಕಿತ್ತಲ್ಲ? ಮುಗಿಯುವುದಿಲ್ಲ. ಕಾವಲಿಯ ಮೇಲೆ ಸಟ್ಟುಗ ಆಡಿದಾಗ ಅಲ್ಲಲ್ಲಿ ಗೀರು ಬೀಳುತ್ತದೆ. ಮುಂದಿನ ಸಲ ಸವರಿದ ಎಣ್ಣೆ ಗೀರನ್ನು ತುಂಬುತ್ತದೆ. ಬ್ಯಾಟರಿಯಲ್ಲೂ ಹಾಗೆಯೇ: ಲಿಥಿಯಂ ತುಂಬಿದಾಗ ಗ್ರಾಫೈಟ್ ಶೇ. 10ರಷ್ಟು ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಪ್ರತಿ ಸಲ ಪೊರೆಯಲ್ಲಿ ಸಣ್ಣ ಬಿರುಕುಗಳು. ಬಿರುಕಿನಲ್ಲಿ ಬೆತ್ತಲಾದ ಗ್ರಾಫೈಟ್ ಮತ್ತೆ ದ್ರವವನ್ನು ಒಡೆದು, ಮತ್ತಷ್ಟು ಲಿಥಿಯಂ ನುಂಗಿ, ತೇಪೆ ಹಾಕಿಕೊಳ್ಳುತ್ತದೆ. ಬಳಸದೆ ಬಿಟ್ಟರೂ ಪೊರೆಯ ಮೂಲಕ ಅಲ್ಪಸ್ವಲ್ಪ ಎಲೆಕ್ಟ್ರಾನ್ ಜಿನುಗುತ್ತಲೇ ಇರುತ್ತದೆ. ಪೊರೆ ನಿಧಾನಕ್ಕೆ ದಪ್ಪವಾಗುತ್ತಲೇ ಇರುತ್ತದೆ. ಅಡುಗೆಮನೆಯಲ್ಲಾದರೆ ಎಣ್ಣೆ ಮುಗಿದರೆ ಇನ್ನೊಂದು ಲೀಟರ್ ತರಬಹುದು. ಇಲ್ಲಿ ಜೀವಮಾನಕ್ಕೆ ಕೊಟ್ಟದ್ದು ಒಂದೇ ಬಾಟಲಿ. ಇನ್ನೂ ಒಂದು ವ್ಯತ್ಯಾಸ: ಕಾವಲಿ ಹಳೆಯದಾದಷ್ಟೂ ಒಳ್ಳೆಯದಾಗುತ್ತದೆ, ಬ್ಯಾಟರಿಯ ಪೊರೆ ದಪ್ಪವಾದಷ್ಟೂ ಅಯಾನುಗಳ ದಾರಿಗೆ ಅಡ್ಡವಾಗುತ್ತದೆ.

ಇದರಲ್ಲಿ ನನಗೆ ಮುಖ್ಯ ಎನಿಸುವುದು ಇಷ್ಟು. ಬ್ಯಾಟರಿಯನ್ನು ಬದುಕಿಸಿರುವುದೂ ಕಾಪುಪೊರೆ, ಅದನ್ನು ದಿನದಿನಕ್ಕೆ ತಿನ್ನುತ್ತಿರುವುದೂ ಕಾಪುಪೊರೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಲು ಬರುವುದಿಲ್ಲ. ಫೋನಿನ ಬಗ್ಗೆ ನಾವು ಮಾಡುವ ಬಹುಪಾಲು ಚೌಕಾಸಿ ಕೊನೆಗೆ ಈ ಪೊರೆಯ ಜೊತೆಗೇ.

ಶೇ. 99 ತೆಗೆದರೂ ನಪಾಸು

ಹಿಂದಿನ ಐಫೋನುಗಳ ಬಗ್ಗೆ ಆಪಲ್ ಹೇಳುತ್ತಿದ್ದುದು: 500 ಪೂರ್ಣ ಸುತ್ತುಗಳ ನಂತರ ಶೇ. 80 ಉಳಿಯುತ್ತದೆ. ಒಂದು ಸುತ್ತು ಎಂದರೆ ಒಟ್ಟು ನೂರರಷ್ಟು ಖರ್ಚು. ಇವತ್ತು 50, ನಾಳೆ 50 ಬಳಸಿದರೂ ಒಂದೇ ಸುತ್ತು. ಐಫೋನ್ 15ರಿಂದ ಈ ಅಂಕಿಯನ್ನು 1000 ಸುತ್ತಿಗೆ ಏರಿಸಿದರು.

ಇದರ ಹಿಂದಿನ ಗಣಿತ ನೋಡಿ. ಪ್ರತಿ ಸುತ್ತಿನಲ್ಲಿ ಶೇ. 99ರಷ್ಟು ಲಿಥಿಯಂ ಸುರಕ್ಷಿತವಾಗಿ ಮರಳುತ್ತದೆ ಎಂದುಕೊಳ್ಳಿ. ಕೇಳಲು ಭರ್ಜರಿ ಅಂಕ. ಆದರೆ 70 ಸುತ್ತಿಗೇ ಬ್ಯಾಟರಿ ಅರ್ಧವಾಗಿರುತ್ತದೆ. 500ಕ್ಕೆ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಶೇ. 99.9 ಆದರೆ 500 ಸುತ್ತಿಗೆ 60 ಉಳಿಯುತ್ತದೆ. 80 ಉಳಿಯಬೇಕಾದರೆ ಪ್ರತಿ ಸುತ್ತಿನಲ್ಲಿ ಶೇ. 99.95ಕ್ಕಿಂತ ಹೆಚ್ಚು ಮರಳಬೇಕು. ಸಾವಿರ ಸುತ್ತಿಗೆ 80 ಎಂದರೆ ಶೇ. 99.98ರ ಆಸುಪಾಸು. ‘ಎರಡೇ ವರ್ಷಕ್ಕೆ ಹೋಯ್ತು’ ಎಂದು ನಾವು ಬೈಯುವ ವಸ್ತು ಹತ್ತು ಸಾವಿರಕ್ಕೆ ಎರಡರ ಲೆಕ್ಕದಲ್ಲಿ ಜಾರುತ್ತಿರುತ್ತದೆ. ರಸಾಯನಶಾಸ್ತ್ರದಲ್ಲಿ ಇಷ್ಟು ಅಚ್ಚುಕಟ್ಟಾಗಿ ಹಿಂದೆ ಮುಂದೆ ಹೋಗಿಬರುವ ಕ್ರಿಯೆಗಳು ಅಪರೂಪ.

ಹಾಗಾದರೆ ಹಳೆಯ ನೋಕಿಯಾ 1100 ಏಕೆ ಅಷ್ಟು ಬಾಳುತ್ತಿತ್ತು? ಟಾರ್ಚ್ ಇದ್ದ, 2003ರಲ್ಲಿ ಬಂದ, ಜಗತ್ತಿನಲ್ಲಿ 25 ಕೋಟಿ ಮಾರಾಟವಾದ ಫೋನು. ಅದರ ಬಿಎಲ್-5ಸಿ ಬ್ಯಾಟರಿ ಕೂಡ ಲಿಥಿಯಂ ಅಯಾನ್ ಜಾತಿಯದೇ, ಹಿಡಿಯುತ್ತಿದ್ದುದು ಬರೀ 850 ಎಂಎಎಚ್. ಈಗಿನದರ ಆರನೇ ಒಂದು ಪಾಲು. ಆದರೆ ಫೋನಿಗೆ ಹಸಿವೇ ಇರಲಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ಚಾರ್ಜ್, ವರ್ಷಕ್ಕೆ ನೂರು ಸುತ್ತು. ಈಗ ನಾವು ಅಷ್ಟನ್ನು ನಾಲ್ಕು ತಿಂಗಳಲ್ಲಿ ಮುಗಿಸುತ್ತೇವೆ. ‘ಆ ಕಾಲದ ಬ್ಯಾಟರಿ ಗಟ್ಟಿ’ ಎಂಬುದು ಬ್ಯಾಟರಿಗೆ ಸಲ್ಲಬೇಕಾದ ಹೊಗಳಿಕೆಯಲ್ಲ.

ಬಿಸಿ ಮತ್ತು ಭರ್ತಿ

ಪೊರೆ ಬೇಗ ದಪ್ಪವಾಗುವಂತೆ ಮಾಡುವ ಸಂಗತಿಗಳಲ್ಲಿ ಮೊದಲನೆಯದು ಬಿಸಿ. ಸುಮಾರು ಹತ್ತು ಡಿಗ್ರಿ ಏರಿದರೆ ಇಂಥ ಬೇಡದ ಕ್ರಿಯೆಗಳ ವೇಗ ದುಪ್ಪಟ್ಟಾಗುತ್ತದೆ ಎಂಬುದು ಒರಟು ಲೆಕ್ಕ. ಐಫೋನನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಬೇಕು ಎನ್ನುತ್ತದೆ ಆಪಲ್. ಇದನ್ನು ಬರೆದವರು ಮೇ ತಿಂಗಳಲ್ಲಿ ರಾಯಚೂರಿಗೋ ಕಲಬುರಗಿಗೋ ಬಂದಿರಲಾರರು. ಅಲ್ಲಿ ನೆರಳಿನಲ್ಲೇ 40 ದಾಟಿರುತ್ತದೆ. ಅದರಲ್ಲೂ ಸ್ಕೂಟರಿನ ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸಿ, ಬಿಸಿಲಿನಲ್ಲಿ ಪರದೆಯ ಬೆಳಕು ಪೂರ್ತಿ ಏರಿಸಿ, ಮ್ಯಾಪ್ ಹಾಕಿಕೊಂಡು, ಪವರ್ ಬ್ಯಾಂಕಿನಿಂದ ಚಾರ್ಜನ್ನೂ ಕೊಡುತ್ತ ಊಟ ತಲುಪಿಸುವ ಡೆಲಿವರಿ ಹುಡುಗನ ಬ್ಯಾಟರಿಗೆ ಎಲ್ಲ ದಿಕ್ಕಿನಿಂದಲೂ ಹೊಡೆತ. ಅವನಿಗೆ ‘ಫೋನನ್ನು ತಣ್ಣಗಿಡಿ’ ಎಂದು ಉಪದೇಶಿಸಿ ಫಲವಿಲ್ಲ. ಫೋನು ಅವನ ಸಂಪಾದನೆಯ ಸಲಕರಣೆ, ಬ್ಯಾಟರಿ ಅದರ ಸವಕಳಿ.

ಎರಡನೆಯದು ಭರ್ತಿ. ಗ್ರಾಫೈಟಿನಲ್ಲಿ ಲಿಥಿಯಂ ಹೆಚ್ಚು ತುಂಬಿದಷ್ಟೂ ಅದರ ಉಗ್ರತೆ ಹೆಚ್ಚು, ದ್ರವ ಒಡೆಯುವುದು ಹೆಚ್ಚು. ಕೋಬಾಲ್ಟ್ ಬದಿಯಲ್ಲೂ ಇದೇ ತೊಂದರೆ: ಲಿಥಿಯಂ ಬಹಳಷ್ಟು ಹೊರಟುಹೋದಾಗ ಅದರ ರಚನೆ ಸಡಿಲವಾಗುತ್ತದೆ. ಆದ್ದರಿಂದ 100ರಲ್ಲಿ ಹೊತ್ತುಗಟ್ಟಲೆ ನಿಲ್ಲುವುದು ಬ್ಯಾಟರಿಗೆ ಇಷ್ಟವಿಲ್ಲ; 40ರಿಂದ 60ರ ನಡುವೆ ನೆಮ್ಮದಿ. ಬಳಸದ ಫೋನನ್ನು ಬೀರುವಿನಲ್ಲಿ ಎತ್ತಿಡುವುದಾದರೆ ಅರ್ಧ ಚಾರ್ಜ್ ಮಾಡಿ ಇಡಿ, ಪೂರ್ತಿ ಖಾಲಿ ಮಾಡಿ ಮಾತ್ರ ಇಡಬೇಡಿ.

ಇಲ್ಲಿಗೆ ರಾತ್ರಿ ಚಾರ್ಜಿನ ವಾದ ಅರ್ಧ ಇತ್ಯರ್ಥವಾಯಿತು. ‘ಓವರ್‌ಚಾರ್ಜ್ ಆಗಿ ಹೋಗುತ್ತೆ’ ಎಂಬುದು ಸುಳ್ಳು, ತುಂಬಿದ ಮೇಲೆ ಫೋನೇ ನಿಲ್ಲಿಸುತ್ತದೆ. ಆದರೆ ದಿಂಬಿನ ಕೆಳಗೆ, ಬೆಚ್ಚಗೆ, ಐದಾರು ಗಂಟೆ ನೂರರಲ್ಲೇ ಕೂರುವುದರಿಂದ ಪೊರೆ ತುಸು ಬೇಗ ಬೆಳೆಯುತ್ತದೆ. 2019ರಿಂದ ಐಫೋನುಗಳು, ಆಮೇಲೆ ಅನೇಕ ಆಂಡ್ರಾಯ್ಡ್ ಫೋನುಗಳು ನೀವು ಏಳುವ ಹೊತ್ತನ್ನು ಕಲಿತು, ರಾತ್ರಿ 80ಕ್ಕೆ ನಿಲ್ಲಿಸಿ, ಬೆಳಗಿನ ಜಾವ ಉಳಿದದ್ದನ್ನು ತುಂಬುತ್ತವೆ. ಆ ಸೌಲಭ್ಯ ಆನ್ ಮಾಡಿ ನಿಶ್ಚಿಂತೆಯಿಂದ ಮಲಗಬಹುದು. ದಿಂಬಿನ ಕೆಳಗೆ ಬೇಡ, ಅಷ್ಟೇ.

‘ಪೂರ್ತಿ ಖಾಲಿ ಮಾಡಿ ಹಾಕಿ’ ಎಂಬ ಬುದ್ಧಿಮಾತು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದಿಂದ ಉಳಿದುಕೊಂಡು ಬಂದದ್ದು. ಲಿಥಿಯಂ ಬ್ಯಾಟರಿಗೆ ಅದು ಬೇಕಿಲ್ಲ. ಮಧ್ಯೆ ಮಧ್ಯೆ ಹಾಕಿದರೇ ಅದಕ್ಕೆ ಆರಾಮ.

ಇಪ್ಪತ್ತು ನಿಮಿಷದ ಆಸೆ

ಹಿಂದೆ ಚಾರ್ಜರ್ ಎಂದರೆ 5 ವಾಟ್. ಈಗ 67, 80, 120 ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಜಡೆ ಹೆಣೆಯುವಷ್ಟರಲ್ಲಿ ಬ್ಯಾಟರಿ ಅರ್ಧ ತುಂಬುತ್ತದೆ. ಇದಕ್ಕೆ ಬೆಲೆ ತೆರಬೇಕೇ?

ಅಯಾನುಗಳು ಪೊರೆಯನ್ನು ದಾಟಿ ಗ್ರಾಫೈಟಿನ ಸಂದಿಗೆ ಇಳಿಯಲು ಸಮಯ ಬೇಕು. ಅವು ಇಳಿಯುವುದಕ್ಕಿಂತ ವೇಗವಾಗಿ ಬಂದು ಬಿದ್ದರೆ ಒಳಗೆ ಹೋಗಲಾಗದೆ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತವೆ. ಹಾಗೆ ಕೂತ ಲಿಥಿಯಂನ ಬಹುಭಾಗ ಮತ್ತೆ ಓಡಾಟಕ್ಕೆ ಬರುವುದಿಲ್ಲ. ಅತಿಯಾದರೆ ಅದು ಮುಳ್ಳಾಗಿ ಬೆಳೆದು ಎರಡು ಬದಿಗಳ ನಡುವೆ ಶಾರ್ಟ್ ಆಗುವ ಭಯವೂ ಇದೆ. ಗ್ರಾಫೈಟ್ ಖಾಲಿಯಿರುವಾಗ ಜಾಗ ಬೇಕಾದಷ್ಟಿರುತ್ತದೆ, ವೇಗವಾಗಿ ಕಳಿಸಿದರೂ ನಡೆಯುತ್ತದೆ. ತುಂಬುತ್ತ ಬಂದಂತೆ ಇಕ್ಕಟ್ಟು. 80ರವರೆಗೆ ಓಡಿದ ಚಾರ್ಜಿಂಗ್ ಆಮೇಲೆ ತೆವಳುವುದು ಈ ಕಾರಣಕ್ಕೆ. ಅದು ಚಾರ್ಜರಿನ ದೋಷವಲ್ಲ, ಫೋನಿನ ಮುನ್ನೆಚ್ಚರಿಕೆ.

ಹಾಗೆಂದು ‘ಫಾಸ್ಟ್ ಚಾರ್ಜಿಂಗ್ ಸಹವಾಸ ಬೇಡ’ ಎಂಬುದನ್ನು ನಾನು ಒಪ್ಪುವುದಿಲ್ಲ. ಕಂಪನಿಗಳು ಇದಕ್ಕೆ ತಕ್ಕ ಜಾಣತನ ತೋರಿಸಿವೆ. ಬ್ಯಾಟರಿಯನ್ನು ಎರಡು ಭಾಗ ಮಾಡಿ ಪ್ರತಿಯೊಂದರ ಮೇಲಿನ ಭಾರ ಇಳಿಸುತ್ತಾರೆ. ವೋಲ್ಟೇಜ್ ಇಳಿಸುವ ಕೆಲಸವನ್ನು ಫೋನಿನಿಂದ ಚಾರ್ಜರಿಗೆ ವರ್ಗಾಯಿಸುತ್ತಾರೆ, ಚಾರ್ಜರ್ ಕೈಸುಡುವಷ್ಟು ಬಿಸಿಯಾಗುವುದು ಅದಕ್ಕೇ. ದ್ರವಕ್ಕೆ ಪೊರೆಯನ್ನು ಗಟ್ಟಿ ಮಾಡುವ ವಸ್ತುಗಳನ್ನು ಬೆರೆಸುತ್ತಾರೆ. ವೇಗಕ್ಕಿಂತ, ವೇಗದ ಜೊತೆಗೆ ಬರುವ ಬಿಸಿ ದೊಡ್ಡ ಶತ್ರು. ದಪ್ಪ ಕವರ್ ಹಾಕಿದ ಫೋನನ್ನು ಚಾರ್ಜಿಗಿಟ್ಟುಕೊಂಡೇ ಗೇಮ್ ಆಡುವ ಹುಡುಗರನ್ನು ಗದರಿಸಲು ನಿಮಗೆ ವೈಜ್ಞಾನಿಕ ಆಧಾರವಿದೆ.

ಈಚೆಗೆ ಇನ್ನೊಂದು ಆಮಿಷ ಬಂದಿದೆ: ತೆಳು ಫೋನಿನಲ್ಲೇ 6000, 7000 ಎಂಎಎಚ್. ಗ್ರಾಫೈಟಿಗೆ ಸಿಲಿಕಾನ್ ಬೆರೆಸಿ ಇದನ್ನು ಸಾಧಿಸುತ್ತಾರೆ. ಸಿಲಿಕಾನ್ ಅದೇ ತೂಕದ ಗ್ರಾಫೈಟಿಗಿಂತ ಹತ್ತರಷ್ಟು ಲಿಥಿಯಂ ಹಿಡಿಯಬಲ್ಲದು. ಆದರೆ ಹಿಡಿದಾಗ ಮೂರು ಪಟ್ಟಿಗೂ ಮೀರಿ ಉಬ್ಬುತ್ತದೆ. ಗ್ರಾಫೈಟಿನ ಶೇ. 10ರ ಉಬ್ಬಿಗೇ ಬಿರುಕು ಬಿಡುವ ಪೊರೆ ಇದನ್ನು ಹೇಗೆ ತಾಳೀತು? ಬೆರಕೆ ಕಡಿಮೆಯಿಟ್ಟು, ಸಿಲಿಕಾನನ್ನು ಅತಿ ಸೂಕ್ಷ್ಮ ಕಣಗಳಾಗಿ ಮಾಡಿ ಇಂಗಾಲದೊಳಗೆ ಹುದುಗಿಸಿ ನಿಭಾಯಿಸುತ್ತಿದ್ದಾರೆ. ಇವು ಮಾರುಕಟ್ಟೆಗೆ ಬಂದದ್ದೇ 2023ರಿಂದೀಚೆಗೆ. ವರ್ಷಗಟ್ಟಲೆ ಬಳಸಿದ ಮೇಲೆ ಇವು ಹೇಗೆ ಬಾಳುತ್ತವೆ ಎಂಬ ಅನುಭವ ಇನ್ನೂ ಕಡಿಮೆ.

20 ತೋರಿಸುತ್ತಲೇ ಆರಿಹೋಗುವ ಫೋನು

ಮೊದಲಿನ ಒಗಟಿನಲ್ಲಿ ಒಂದು ಗಂಟು ಉಳಿದಿದೆ. ಹೊಸತರಲ್ಲಿ ದಿನಕ್ಕೆ 60 ಖರ್ಚಾಗಿ 40 ಉಳಿಯುತ್ತಿತ್ತು. ಬ್ಯಾಟರಿ ಐದರಲ್ಲಿ ಒಂದು ಪಾಲು ಕಳೆದುಕೊಂಡಿದ್ದರೆ ಈಗಲೂ ರಾತ್ರಿ 20ಕ್ಕಿಂತ ಹೆಚ್ಚು ಉಳಿಯಬೇಕು. ನಾಲ್ಕು ಗಂಟೆಗೇ ಏಕೆ ಸತ್ತಿತು?

ಒಂದು ಕಾರಣ ಬ್ಯಾಟರಿಯದಲ್ಲ. ಎರಡೂವರೆ ವರ್ಷದಲ್ಲಿ ಆ್ಯಪ್‌ಗಳು ದಪ್ಪಗಾಗಿವೆ, ಹಿನ್ನೆಲೆಯಲ್ಲಿ ಓಡುವವು ಹೆಚ್ಚಾಗಿವೆ, ನಾವು ಫೋನ್ ನೋಡುವ ಗಂಟೆಗಳೂ ಹೆಚ್ಚಾಗಿವೆ. ಇವೆಲ್ಲದರ ತಪ್ಪಿಗೂ ಬೈಗುಳ ಬ್ಯಾಟರಿಗೇ. ಇನ್ನೊಂದು ಕಾರಣ ಪೊರೆಯದು. ಅದು ದಪ್ಪವಾದಾಗ ಲಿಥಿಯಂ ಕಡಿಮೆಯಾಗುವುದಷ್ಟೇ ಅಲ್ಲ, ಉಳಿದ ಲಿಥಿಯಂ ದಾಟುವುದೂ ಕಷ್ಟವಾಗುತ್ತದೆ. ಕ್ಯಾಮೆರಾ ತೆರೆದಾಗಲೋ ಸಿಗ್ನಲ್ ಇಲ್ಲದ ಜಾಗದಲ್ಲಿ ಕರೆ ಮಾಡಿದಾಗಲೋ ಫೋನು ಒಮ್ಮೆಲೇ ಹೆಚ್ಚು ಕರೆಂಟ್ ಕೇಳುತ್ತದೆ. ಮುದಿ ಬ್ಯಾಟರಿ ಅಷ್ಟನ್ನು ಕೊಡಲು ಹೋಗಿ ವೋಲ್ಟೇಜ್ ಕುಸಿಯುತ್ತದೆ. ಚಿಪ್ಪು ಹೆದರಿ ಫೋನ್ ಆರಿಸಿಬಿಡುತ್ತದೆ. ಚಾರ್ಜಿಗೆ ಸಿಕ್ಕಿಸಿದ ಕೂಡಲೇ 18 ಎಂದು ತೋರಿಸಿ ಅಣಕಿಸುತ್ತದೆ.

‘ಕಂಪನಿಯವರ ಆಟ’ ಎಂಬ ಆರೋಪಕ್ಕೆ ದೊಡ್ಡ ಬಲ ಬಂದದ್ದು ಈ ಜಾಗದಲ್ಲೇ. 2017ರಲ್ಲಿ ಆಪಲ್ ಸಾಫ್ಟ್‌ವೇರ್ ಬದಲಾವಣೆಯೊಂದರ ಮೂಲಕ ಹಳೆಯ ಬ್ಯಾಟರಿಯ ಐಫೋನುಗಳ ವೇಗವನ್ನು ಸದ್ದಿಲ್ಲದೆ ಇಳಿಸಿತು. ಉದ್ದೇಶ ಹಠಾತ್ತನೆ ಆರುವುದನ್ನು ತಪ್ಪಿಸುವುದು, ತಾಂತ್ರಿಕವಾಗಿ ಸರಿಯಾದ ಉಪಾಯವೇ. ಆದರೆ ಬಳಸುವವರಿಗೆ ಹೇಳಲಿಲ್ಲ. ಫೋನು ಹಳತಾಯಿತು ಎಂದುಕೊಂಡು ಹೊಸದು ಕೊಂಡವರಿಗೆ, ಬ್ಯಾಟರಿಯೊಂದನ್ನೇ ಬದಲಿಸಿದ್ದರೆ ಸಾಕಿತ್ತು ಎಂಬುದು ಗೊತ್ತಾಗಲಿಲ್ಲ. ಡಿಸೆಂಬರಿನಲ್ಲಿ ವಿಷಯ ಹೊರಬಿದ್ದಾಗ ಆಪಲ್ ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರವನ್ನು ಅಮೆರಿಕದಲ್ಲಿ 79 ಡಾಲರಿನಿಂದ 29ಕ್ಕೆ ಇಳಿಸಿತು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿತು. ಅಮೆರಿಕದ ಗ್ರಾಹಕರ ಮೊಕದ್ದಮೆಯನ್ನು ಮುಗಿಸಲು 50 ಕೋಟಿ ಡಾಲರ್‌ವರೆಗೆ ಕೊಡಲು ಕಂಪನಿ ಒಪ್ಪಿತು. ಪೊರೆ ಬೆಳೆಯುವುದು ಸಂಚಲ್ಲ. ಬೆಳೆದಿದೆ ಎಂಬುದನ್ನು ಮುಚ್ಚಿಟ್ಟದ್ದು ಮಾತ್ರ ಯಾವ ರಸಾಯನಶಾಸ್ತ್ರದಿಂದಲೂ ಆದದ್ದಲ್ಲ.

80ಕ್ಕೆ ನಿಲ್ಲಿಸಬೇಕೇ?

ಈಗಿನ ಬಹುತೇಕ ಫೋನುಗಳಲ್ಲಿ ‘80ಕ್ಕೆ ಚಾರ್ಜ್ ನಿಲ್ಲಿಸು’ ಎಂಬ ಆಯ್ಕೆ ಇದೆ. ಭರ್ತಿಯ ವಿಷಯ ತಿಳಿದ ಮೇಲೆ ಇದು ಏಕೆ ಕೆಲಸ ಮಾಡುತ್ತದೆ ಎಂಬುದು ಸ್ಪಷ್ಟ. ಆದರೆ ಲೆಕ್ಕ ಹಾಕಿ ನೋಡಿ: ಎರಡು ಮೂರು ವರ್ಷದ ನಂತರ ಹೋಗಬಹುದಾದ 20ನ್ನು ಉಳಿಸಲು ಇವತ್ತೇ, ಮೊದಲ ದಿನದಿಂದಲೇ, 20 ಬಿಟ್ಟುಕೊಡುವ ವ್ಯಾಪಾರ ಇದು. ಇಡೀ ದಿನ ಮೇಜಿನ ಪಕ್ಕ ಪ್ಲಗ್ ಇರುವವರಿಗೆ ಇದರಿಂದ ನಷ್ಟವಿಲ್ಲ, ಮಾಡಲಿ. ಬೆಳಿಗ್ಗೆ ಹಳ್ಳಿಯಿಂದ ಬಸ್ಸು ಹತ್ತಿ ತಾಲ್ಲೂಕಿಗೆ ಬಂದು ಸಂಜೆ ಮರಳುವವರು ನೂರು ತುಂಬಿಸಿಕೊಂಡೇ ಹೊರಡಲಿ. ಫೋನನ್ನು 79ಕ್ಕೆ ಕಿತ್ತು 21ಕ್ಕೆ ಸಿಕ್ಕಿಸುತ್ತ ಇಡೀ ದಿನ ಬ್ಯಾಟರಿಯ ಸೇವೆಯಲ್ಲಿ ಕಳೆಯುವವರನ್ನು ಕಂಡಾಗ ಯಾರು ಯಾರನ್ನು ಬಳಸುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ.

ಅಂಟಿನ ಪ್ರಶ್ನೆ

ಬ್ಯಾಟರಿ ಮುದಿಯಾಗುವುದು ಖಂಡಿತ ಎಂದಾದರೆ, ಫೋನಿನ ಭಾಗಗಳಲ್ಲಿ ಮೊದಲು ಸವೆಯುವುದು ಅದೇ ಎಂದಾದರೆ, ಅದನ್ನೇ ಅಂಟು ಹಾಕಿ ಒಳಗೆ ಕೂರಿಸುವುದು ಎಂಥ ನ್ಯಾಯ? ಉಗುರಿನಿಂದ ಹಿಂಬದಿ ತೆರೆದು ಬಿಎಲ್-5ಸಿ ಬದಲಿಸಿದ ಪೀಳಿಗೆಗೆ ಈ ಸಿಟ್ಟು ಸಹಜ.

ಕಂಪನಿಗಳ ವಾದದಲ್ಲಿ ಹುರುಳಿಲ್ಲದಿಲ್ಲ. ಕೈಯಿಂದ ತೆಗೆಯುವ ಬ್ಯಾಟರಿಗೆ ಗಟ್ಟಿ ಕವಚ ಬೇಕು, ಕವಚ ಜಾಗ ತಿನ್ನುತ್ತದೆ, ಅಷ್ಟು ಎಂಎಎಚ್ ಕಡಿಮೆ. ಮುಚ್ಚಿದ ಫೋನಿಗೆ ನೀರು ಹೋಗದಂತೆ ಮಾಡುವುದು ಸುಲಭ. ಆದರೆ 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಹಿಂಬದಿ ತೆಗೆದು ಬ್ಯಾಟರಿ ಬದಲಿಸಬಹುದಾದ ಫೋನಾಗಿತ್ತು, ನೀರಿಗೂ ಜಗ್ಗುತ್ತಿರಲಿಲ್ಲ. ಆಗದು ಎಂಬುದಕ್ಕಿಂತ ಬೇಡ ಎಂಬುದೇ ಹೆಚ್ಚು.

ಯುರೋಪಿನ ಒಕ್ಕೂಟ ಈಗ ಎರಡೂ ಕಡೆಯಿಂದ ಹಿಡಿದಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುವ ಸ್ಮಾರ್ಟ್‌ಫೋನಿನ ಬ್ಯಾಟರಿ 800 ಸುತ್ತುಗಳ ನಂತರವೂ ಶೇ. 80 ಉಳಿಸಿಕೊಂಡಿರಬೇಕು. ಬಳಸುವವರು ತಾವೇ ಬ್ಯಾಟರಿ ಬದಲಿಸುವಂತಿರಬೇಕು. ಇಲ್ಲವೇ, ನೀರು ನುಗ್ಗದ ಫೋನಿನಲ್ಲಿ ಬ್ಯಾಟರಿ 1000 ಸುತ್ತು ಬಾಳುವಷ್ಟು ಗಟ್ಟಿಯಾಗಿರಬೇಕು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಅದರಲ್ಲಿ ಕಂಪನಿಗಳ ಸರ್ವೀಸ್ ಕೇಂದ್ರ, ಬಿಡಿಭಾಗಗಳ ವಿವರ ಸಿಗುತ್ತದೆ. ಯುರೋಪಿನ ನಿಯಮಕ್ಕೆಂದು ಬದಲಾದ ವಿನ್ಯಾಸಗಳು ನಮ್ಮ ಮಾರುಕಟ್ಟೆಗೂ ಬಂದರೆ ನಮಗೆ ಪುಕ್ಕಟೆ ಲಾಭ.

ಅಲ್ಲಿಯವರೆಗೆ, ಫೋನಿನ ಮಿಕ್ಕದ್ದೆಲ್ಲ ಚೆನ್ನಾಗಿದ್ದು ‘ಹೆಲ್ತ್’ 80ರ ಕೆಳಗೆ ಇಳಿದಿದ್ದರೆ ಹೊಸ ಫೋನಿನ ಜಾಹೀರಾತು ನೋಡುವ ಮೊದಲು ಬ್ಯಾಟರಿ ಬದಲಿಸಿ. ಹಿಂಬದಿ ಉಬ್ಬಿ ಪರದೆ ಎದ್ದಿದ್ದರೆ ಯೋಚನೆಯೇ ಬೇಡ, ಬಳಸುವುದನ್ನು ಕೂಡಲೇ ನಿಲ್ಲಿಸಿ. ದ್ರವ ಒಡೆದು ಒಳಗೆ ಅನಿಲ ತುಂಬಿದೆ ಎಂದರ್ಥ. ಅದನ್ನು ಒತ್ತಬಾರದು, ಚುಚ್ಚಬಾರದು. ಹಳೆಯ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕದೆ ಅಂಗಡಿಯಲ್ಲೋ ಸರ್ವೀಸ್ ಕೇಂದ್ರದಲ್ಲೋ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ವಾಪಸು ಸಂಗ್ರಹಿಸುವ ಹೊಣೆ ತಯಾರಕರದು.

ಹೊಸ ಬ್ಯಾಟರಿ ಹಾಕಿಸುವಾಗ ‘ಒರಿಜಿನಲ್ಲಾ?’ ಎಂದು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ಇನ್ನೊಂದನ್ನೂ ಕೇಳಿ: ತಯಾರಾದದ್ದು ಯಾವಾಗ? ಐದು ವರ್ಷ ಹಳೆಯ ಮಾದರಿಯ ಫೋನಿಗೆ ಸಿಗುವ ಸೀಲ್ ಒಡೆಯದ ಒರಿಜಿನಲ್ ಬ್ಯಾಟರಿಯೂ ನಾಲ್ಕು ವರ್ಷ ಗೋದಾಮಿನ ಸೆಕೆಯಲ್ಲಿ ಬಿದ್ದಿದ್ದಿರಬಹುದು. ಒಂದೂ ಸುತ್ತು ಓಡದಿದ್ದರೂ ಅದರ ಪೊರೆ ಅಷ್ಟೂ ದಿನ ಬೆಳೆದಿರುತ್ತದೆ. ತಯಾರಿಕೆಯ ತಿಂಗಳು ಸಾಮಾನ್ಯವಾಗಿ ಬ್ಯಾಟರಿಯ ಲೇಬಲ್ಲಿನ ಮೇಲೆ ಸಣ್ಣಕ್ಷರದಲ್ಲಿರುತ್ತದೆ. ಅಂಗಡಿಯವರು ಅದನ್ನು ಅಂಟಿಸುವ ಮೊದಲೇ ನೋಡಿಕೊಳ್ಳಬೇಕು.